ಲೋಮಾಂಗಗಳು ಮತ್ತು ಭ್ರೂಣದ ನರಮಂಡಲ

ಲೋಮಾಂಗ: ಜೀವಕೋಶದ ಮೇಲ್ಮೈಯಿಂದ ಕೂದಲಿನಂತೆ ಹೊರಚಾಚಿಕೊಂಡಿರುವ ಸೂಕ್ಷ್ಮ ಅಂಗ. ಸಿಲಿಯಾ ಎಂಬ ಹೆಸರಿನಲ್ಲೂ ಪರಿಚಿತ; ಲ್ಯಾಟಿನ್ ಮೂಲದ ಈ ಮಾತಿಗೆ ಕಣ್ಣರೆಪ್ಪೆಯ ಕೂದಲು ಎಂಬ ಅರ್ಥವಿದೆ. ಶಾಲೆಯ ಪಾಠಗಳಲ್ಲಿ ಇದು ಬರುವುದು ಪ್ಯಾರಮೀಸಿಯಮ್ಮಿನ ಮೈಸುತ್ತ ಹುಟ್ಟು ಹಾಕುವ ರೋಮಗಳಾಗಿ, ಇಲ್ಲವೇ ನಮ್ಮ ಶ್ವಾಸನಾಳದಲ್ಲಿ ಕಫವನ್ನೂ ದೂಳನ್ನೂ ಮೇಲಕ್ಕೆ ತಳ್ಳುವ ಪೊರಕೆಯಾಗಿ. ಇವು ಚಲಿಸುವ ಲೋಮಾಂಗಗಳು. ಇವುಗಳಲ್ಲದೆ ಕಶೇರುಕಗಳ ಬಹುಪಾಲು ಜೀವಕೋಶಗಳ ಮೇಲೆ ಕೋಶಕ್ಕೆ ಒಂದರಂತೆ, ತಾನಾಗಿ ಅಲುಗಾಡದ ಇನ್ನೊಂದು ಬಗೆಯ ಲೋಮಾಂಗವಿದೆ. ಅದೇ ಪ್ರಾಥಮಿಕ ಲೋಮಾಂಗ. ಭ್ರೂಣದಲ್ಲಿ ಮಿದುಳು, ಬೆನ್ನುಹುರಿಗಳು ರೂಪುಗೊಳ್ಳುವಾಗ ಯಾವ ಜೀವಕೋಶ ಯಾವ ಬಗೆಯ ನರಕೋಶವಾಗಬೇಕು ಎಂಬ ತೀರ್ಮಾನದಲ್ಲಿ ಈ ಒಂಟಿ ರೋಮಕ್ಕೆ ನಿರ್ಣಾಯಕ ಪಾತ್ರವಿದೆ. 2003ಕ್ಕೆ ಮೊದಲು ಈ ಮಾತನ್ನು ಹೇಳಿದ್ದರೆ ಹೆಚ್ಚಿನ ಜೀವವಿಜ್ಞಾನಿಗಳು ನಂಬುತ್ತಿರಲಿಲ್ಲ.

ರಚನೆ

ಪ್ರಾಥಮಿಕ ಲೋಮಾಂಗದ ಉದ್ದ ಸಾಮಾನ್ಯವಾಗಿ ಕೆಲವೇ ಮೈಕ್ರೊಮೀಟರ್. ದಪ್ಪ ಒಂದು ಮೈಕ್ರೊಮೀಟರಿನ ಕಾಲುಭಾಗದಷ್ಟು. ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಂಡೂ ಕಾಣದಂತಿರುವ ಗಾತ್ರ ಇದು. ಒಳಗೆ ಸೂಕ್ಷ್ಮನಳಿಕೆಗಳ 9 ಜೋಡಿಗಳು ಬಳೆಯಾಕಾರದಲ್ಲಿ ನಿಂತಿರುತ್ತವೆ. ಚಲಿಸುವ ಲೋಮಾಂಗಗಳಲ್ಲಿ ಈ ಬಳೆಯ ನಡುವೆ ಇನ್ನೂ ಎರಡು ನಳಿಕೆಗಳಿರುತ್ತವೆ, ಜೋಡಿಯಿಂದ ಜೋಡಿಗೆ ಡೈನೀನ್ ಎಂಬ ಮೋಟಾರ್ ಪ್ರೊಟೀನಿನ ತೋಳುಗಳು ಚಾಚಿರುತ್ತವೆ. ಬಡಿತಕ್ಕೆ ಬೇಕಾದ ಬಲ ಬರುವುದು ಆ ತೋಳುಗಳಿಂದ. ಪ್ರಾಥಮಿಕ ಲೋಮಾಂಗದಲ್ಲಿ ನಡುವಿನ ಜೋಡಿಯೂ ಇಲ್ಲ, ತೋಳುಗಳೂ ಇಲ್ಲ.

ಬುಡದಲ್ಲಿರುವುದು ಆಧಾರಕಾಯ. ಇದು ಬೇರೇನೂ ಅಲ್ಲ, ಕೋಶವಿಭಜನೆಯಲ್ಲಿ ಕೆಲಸಮಾಡುವ ಎರಡು ಸೆಂಟ್ರಿಯೋಲುಗಳಲ್ಲಿ ಹಿರಿಯದು. ಕೋಶ ವಿಭಜನೆಗೆ ಹೊರಟಾಗ ಲೋಮಾಂಗ ಕರಗುತ್ತದೆ, ಸೆಂಟ್ರಿಯೋಲ್ ಬಿಡುಗಡೆಗೊಂಡು ವಿಭಜನೆಯ ಕೆಲಸಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕೋಶಪೊರೆಗೆ ಮರಳಿ ಹೊಸ ಲೋಮಾಂಗವನ್ನು ಬೆಳೆಸುತ್ತದೆ. ಲೋಮಾಂಗ ಇರುವಷ್ಟು ಹೊತ್ತು ವಿಭಜನೆ ಇಲ್ಲ, ವಿಭಜನೆಯ ಹೊತ್ತಿನಲ್ಲಿ ಲೋಮಾಂಗ ಇಲ್ಲ ಎಂಬ ಈ ಪಾಳಿ ವ್ಯವಸ್ಥೆ ನರಮಂಡಲದ ಬೆಳವಣಿಗೆಯಲ್ಲಿ ಮುಂದೆ ಮುಖ್ಯವಾಗುತ್ತದೆ.

ಲೋಮಾಂಗದ ಹೊರಪೊರೆ ಕೋಶಪೊರೆಯ ಮುಂದುವರಿಕೆಯೇ ಆದರೂ ಅದರೊಳಗೆ ಸಿಕ್ಕಿದ್ದೆಲ್ಲ ನುಗ್ಗುವಂತಿಲ್ಲ. ಆಧಾರಕಾಯಕ್ಕೆ ಸ್ವಲ್ಪ ಮೇಲೆ ನಳಿಕೆಗಳನ್ನು ಪೊರೆಗೆ ಬಿಗಿಯುವ ಕೊಂಡಿಗಳ ಒಂದು ವಲಯವಿದೆ. ಅದನ್ನು ಲೋಮಾಂಗದ ಹೊಸ್ತಿಲು ಎನ್ನಬಹುದು. ಯಾವ ಪ್ರೊಟೀನ್ ಒಳಹೋಗಬೇಕು, ಯಾವುದು ಹೊರಗೇ ನಿಲ್ಲಬೇಕು ಎಂಬುದು ಅಲ್ಲಿ ನಿಶ್ಚಯವಾಗುತ್ತದೆ. ಲೋಮಾಂಗದೊಳಗೆ ಪ್ರೊಟೀನ್ ತಯಾರಿಸುವ ವ್ಯವಸ್ಥೆ ಇಲ್ಲ. ಬೇಕಾದ ಪ್ರತಿಯೊಂದನ್ನೂ ಕೋಶದಿಂದ ಹೊತ್ತು ತರಬೇಕು, ಬೇಡವಾದುದನ್ನು ಹೊತ್ತು ಹೊರಹಾಕಬೇಕು. ತುದಿಯ ಕಡೆಗೆ ಸರಕು ಒಯ್ಯುವುದು ಕೈನೆಸಿನ್-2 ಎಂಬ ಮೋಟಾರ್. ಬುಡದ ಕಡೆಗೆ ಮರಳಿ ತರುವುದು ಡೈನೀನ್-2. ಈ ಎಡೆಬಿಡದ ಓಡಾಟವನ್ನು 1993ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜೋಯೆಲ್ ರೋಸೆನ್‌ಬಾಮ್ ಅವರ ಪ್ರಯೋಗಾಲಯದಲ್ಲಿ ಕೀತ್ ಕೊಜ್ಮಿನ್ಸ್ಕಿ ಕಂಡರು. ಕಂಡದ್ದು ಮನುಷ್ಯನಲ್ಲೂ ಅಲ್ಲ, ಇಲಿಯಲ್ಲೂ ಅಲ್ಲ. ಕ್ಲಾಮಿಡೊಮೊನಾಸ್ ಎಂಬ ಹಸಿರು ಪಾಚಿಯ, ಲೋಮಾಂಗದಂಥದೇ ರಚನೆಯ ಕಶಾಂಗದಲ್ಲಿ. ಈ ಸಾಗಣೆ ನಿಂತರೆ ಲೋಮಾಂಗ ಬೆಳೆಯುವುದೇ ಇಲ್ಲ.

ಒಂದು ಶತಮಾನದ ನಿರ್ಲಕ್ಷ್ಯ

ಚಲಿಸುವ ಲೋಮಾಂಗಗಳನ್ನು 17ನೆಯ ಶತಮಾನದಲ್ಲೇ ಆಂಟನಿ ವಾನ್ ಲೇವನ್‌ಹುಕ್ ತನ್ನ ಮಸೂರಗಳಲ್ಲಿ ನೋಡಿದ್ದ. ಒಂಟಿ ಲೋಮಾಂಗ ಮಾತ್ರ ಬಹುಕಾಲ ಕಣ್ಣಿಗೆ ಬೀಳಲಿಲ್ಲ. 1898ರಲ್ಲಿ ಕಾರ್ಲ್ ವಿಲ್‌ಹೆಲ್ಮ್ ಸಿಮ್ಮರ್‌ಮನ್ ಮನುಷ್ಯನ ಮೂತ್ರಪಿಂಡ ಮೊದಲಾದ ಅಂಗಗಳ ಜೀವಕೋಶಗಳಲ್ಲಿ ಇದನ್ನು ಗುರುತಿಸಿ ಕೇಂದ್ರ ಕಶಾಂಗ ಎಂದು ಕರೆದ. ಸುತ್ತಲಿನ ಸುದ್ದಿ ತಿಳಿಯುವ ಅಂಗ ಇದಾಗಿರಬಹುದೆಂದು ಊಹಿಸಿದ್ದೂ ಅವನೇ. ಊಹೆ ಪುಸ್ತಕದಲ್ಲೇ ಉಳಿಯಿತು. 1960ರ ದಶಕದಲ್ಲಿ ಸೆರ್ಗೆಯ್ ಸೊರೋಕಿನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇದು ಬೆಳೆಯುವ ಹಂತಗಳನ್ನು ವಿವರವಾಗಿ ಬಿಡಿಸಿಟ್ಟ. ಪ್ರಾಥಮಿಕ ಲೋಮಾಂಗ ಎಂಬ ಹೆಸರು ನೆಲೆಗೊಂಡದ್ದೂ ಆಗಲೇ. ಆದರೂ ಅಲುಗಾಡದ ಲೋಮಾಂಗವೆಂದರೆ ವಿಕಾಸದ ಹಾದಿಯಲ್ಲಿ ಬಾಲ ಕಳೆದುಕೊಂಡಂತೆ ಕೆಲಸ ಕಳೆದುಕೊಂಡ ಅವಶೇಷ ಎಂಬುದೇ ಬಹುಮತವಾಗಿತ್ತು. ವಿಜ್ಞಾನದಲ್ಲಿ ನಿರುಪಯುಕ್ತ ಎಂಬ ತೀರ್ಪು ಎಷ್ಟೋ ಸಲ ನೋಡುವವನ ಅಜ್ಞಾನದ ಇನ್ನೊಂದು ಹೆಸರಾಗಿರುತ್ತದೆ.

ನಿರ್ಲಕ್ಷ್ಯ ಮುರಿದದ್ದು ಮೂತ್ರಪಿಂಡದ ಕಡೆಯಿಂದ. ಅಮೆರಿಕದ ಓಕ್ ರಿಜ್‌ನಲ್ಲಿ ಬೆಳೆಸಿದ ಒಂದು ಇಲಿತಳಿಯ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ತುಂಬಿಕೊಳ್ಳುತ್ತಿದ್ದವು. 2000ದಲ್ಲಿ ಗ್ರೆಗರಿ ಪಾಜೂರ್, ಜಾರ್ಜ್ ವಿಟ್‌ಮನ್ ಮತ್ತವರ ಸಂಗಡಿಗರು ಪಾಚಿಯ ಕಶಾಂಗದ ಸಾಗಣೆಗೆ ಬೇಕಾದ ಒಂದು ಪ್ರೊಟೀನನ್ನು ಬೆನ್ನುಹತ್ತಿ ಹೋದಾಗ ಅದರ ಜೀನ್ ಈ ಇಲಿಗಳಲ್ಲಿ ಕೆಟ್ಟಿರುವ ಜೀನಿಗೇ ಸರಿಹೊಂದಿತು. ಇಲಿಗಳ ಮೂತ್ರಪಿಂಡದ ಲೋಮಾಂಗಗಳು ಗಿಡ್ಡಾಗಿದ್ದವು. ಪಾಚಿಯ ಬಾಲಕ್ಕೂ ಮೂತ್ರಪಿಂಡದ ರೋಗಕ್ಕೂ ನಂಟಿದೆ ಎಂದಾದ ಮೇಲೆ ಉಳಿದ ಅಂಗಗಳತ್ತಲೂ ನೋಟ ಹರಿಯಿತು.

ನರನಳಿಕೆಯಲ್ಲಿ ಸ್ಥಾನವೇ ಭವಿಷ್ಯ

ಮುಂದಿನದನ್ನು ತಿಳಿಯಲು ನರಮಂಡಲ ಹುಟ್ಟುವ ಬಗೆಯನ್ನು ಸ್ವಲ್ಪ ನೋಡಬೇಕು. ಮನುಷ್ಯ ಭ್ರೂಣದ ಮೂರನೆಯ ವಾರದಲ್ಲಿ ಬೆನ್ನ ಬದಿಯ ಹೊರಪದರದ ಒಂದು ಪಟ್ಟಿ ದಪ್ಪಗಾಗುತ್ತದೆ. ಇದು ನರಫಲಕ. ಆ ಪಟ್ಟಿ ನಡುವೆ ತಗ್ಗಿ, ಅಂಚುಗಳು ಮೇಲೆದ್ದು, ಕಡುಬಿನ ಅಂಚುಗಳಂತೆ ಒಂದಕ್ಕೊಂದು ಕೂಡಿಕೊಂಡು ನಳಿಕೆಯಾಗುತ್ತದೆ. ಕೂಡುವಿಕೆ ಸುಮಾರು 22ನೆಯ ದಿನ ಆರಂಭವಾಗಿ 28ನೆಯ ದಿನದ ಹೊತ್ತಿಗೆ ಮುಗಿಯುತ್ತದೆ. ತಾಯಿಗೆ ತಾನು ಗರ್ಭಿಣಿಯೆಂದು ಖಚಿತವಾಗುವ ಮೊದಲೇ ಮುಗಿದಿರುವುದೂ ಉಂಟು. ನಳಿಕೆಯ ಮುಂಭಾಗ ಮಿದುಳು, ಉಳಿದದ್ದು ಬೆನ್ನುಹುರಿ.

ನರಫಲಕ ನರಫಲಕವಾಗುವುದು ಪಕ್ಕದ ಅಂಗಾಂಶದ ಮಾತು ಕೇಳಿ ಎಂಬುದನ್ನು 1924ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ಹಾನ್ಸ್ ಸ್ಪೇಮನ್ ಮತ್ತು ಹಿಲ್ಡೆ ಮಾಂಗೋಲ್ಡ್ ಪ್ರಕಟಿಸಿದರು. ನ್ಯೂಟ್ ಎಂಬ ಉಭಯಚರದ ಭ್ರೂಣದಿಂದ ಒಂದು ಚೂರನ್ನು ತೆಗೆದು ಇನ್ನೊಂದರ ಹೊಟ್ಟೆಯ ಕಡೆ ಕಸಿಮಾಡಿದಾಗ ಅಲ್ಲಿ ಎರಡನೆಯ ನರಮಂಡಲವೇ ಎದ್ದಿತು. ಪ್ರಯೋಗದ ಕೈಕೆಲಸವೆಲ್ಲ ಹಿಲ್ಡೆ ಅವರದು. ಲೇಖನ ಅಚ್ಚಾದ ವರ್ಷವೇ ಬೆಂಕಿ ಅವಘಡದಲ್ಲಿ ಅವರು ತೀರಿಕೊಂಡರು; 1935ರ ನೊಬೆಲ್ ಸ್ಪೇಮನ್‌ಗೆ ಮಾತ್ರ ಸಂದಿತು.

ನಳಿಕೆಯಾದ ಮೇಲೆ ಅದರ ಗೋಡೆಯಲ್ಲಿ ಪದರ ಪದರವಾಗಿ ಬೇರೆಬೇರೆ ನರಕೋಶಗಳು ಹುಟ್ಟಬೇಕು. ಬೆನ್ನುಹುರಿಯಲ್ಲಿ ಹೊಟ್ಟೆಯ ಬದಿಗೆ ಸ್ನಾಯುಗಳನ್ನು ಆಡಿಸುವ ಚಾಲಕ ನರಕೋಶಗಳು, ಬೆನ್ನ ಬದಿಗೆ ಸ್ಪರ್ಶ, ನೋವುಗಳ ಸುದ್ದಿಯನ್ನು ಬರಮಾಡಿಕೊಳ್ಳುವ ಕೋಶಗಳು, ನಡುವೆ ಇವೆರಡನ್ನು ಬೆಸೆಯುವ ಅಂತರ್‌ನರಕೋಶಗಳು. ಒಟ್ಟು ಹನ್ನೊಂದು ವಲಯಗಳನ್ನು ಗುರುತಿಸಲಾಗಿದೆ. ಕೆಳಗಿನಿಂದ ಮೇಲಕ್ಕೆ ಇವುಗಳ ಕ್ರಮ ಕೋಳಿಮರಿಯಲ್ಲೂ ಇಲಿಯಲ್ಲೂ ಮನುಷ್ಯನಲ್ಲೂ ಒಂದೇ.

ಈ ಕ್ರಮವನ್ನು ಹಾಕಿಕೊಡುವುದು ಎರಡು ಕಡೆಯಿಂದ ಹರಿದುಬರುವ ಸಂಕೇತಗಳು. ಮೇಲ್ಚಾವಣಿಯ ಕಡೆಯಿಂದ ಬಿಎಂಪಿ ಮತ್ತು ವಿಂಟ್ ಎಂಬ ಪ್ರೊಟೀನ್ ಕುಟುಂಬಗಳು. ಕೆಳಗಿನಿಂದ ಸೋನಿಕ್ ಹೆಜ್‌ಹಾಗ್. ನಳಿಕೆಯ ಕೆಳಗೆ ಉದ್ದಕ್ಕೂ ಮಲಗಿರುವ ನೋಟೊಕಾರ್ಡ್ ಎಂಬ ದಂಡ ಮೊದಲು ಇದನ್ನು ಸ್ರವಿಸುತ್ತದೆ. ಅದರ ಪ್ರೇರಣೆಯಿಂದ ನಳಿಕೆಯ ನೆಲದ ಕೋಶಗಳೂ ಸ್ರವಿಸತೊಡಗುತ್ತವೆ. ಮೂಲದ ಹತ್ತಿರ ಸಾಂದ್ರತೆ ಹೆಚ್ಚು, ದೂರ ಹೋದಂತೆ ಕಡಿಮೆ. ಕೋಶ ತನ್ನ ಪಾಲಿಗೆ ಬಂದ ಪ್ರಮಾಣಕ್ಕೆ ತಕ್ಕಂತೆ ತನ್ನ ಜಾತಿಯನ್ನು ಆರಿಸಿಕೊಳ್ಳುತ್ತದೆ. ಹೀಗೆ ಪ್ರಮಾಣದಿಂದ ರೂಪ ಕೊಡುವ ವಸ್ತುವಿಗೆ ಮಾರ್ಫೊಜೆನ್ ಎಂಬ ಹೆಸರನ್ನು 1952ರಲ್ಲಿ ಕೊಟ್ಟವನು ಗಣಿತಜ್ಞ ಅಲನ್ ಟ್ಯೂರಿಂಗ್. 1969ರಲ್ಲಿ ಲೂಯಿಸ್ ವೊಲ್ಪರ್ಟ್ ಅದನ್ನು ಫ್ರಾನ್ಸಿನ ಮೂರು ಬಣ್ಣದ ಬಾವುಟದ ಹೋಲಿಕೆಯಿಂದ ವಿವರಿಸಿದ. ನರನಳಿಕೆಯಲ್ಲಿ ಅದು ನಿಜವಾಗಿ ನಡೆಯುತ್ತದೆಂದು ತೋರಿಸಿದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಜೆಸೆಲ್ ಮತ್ತು ಅವರ ಶಿಷ್ಯವರ್ಗ. ಪ್ರಮಾಣವೊಂದೇ ಅಲ್ಲ, ಎಷ್ಟು ಹೊತ್ತು ಸಂಕೇತ ತಾಗಿತು ಎಂಬುದೂ ಲೆಕ್ಕಕ್ಕೆ ಬರುತ್ತದೆಂದು ಆಮೇಲೆ ತಿಳಿಯಿತು.

ಹೆಸರಿನ ಕತೆಯೂ ಇದೆ. 1980ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಷಾಸ್ ಹಣ್ಣಿನ ನೊಣಗಳಲ್ಲಿ ಉತ್ಪರಿವರ್ತನೆಗಳನ್ನು ಹುಡುಕುತ್ತಿದ್ದಾಗ ಒಂದು ಮರಿಹುಳುವಿನ ಮೈತುಂಬ ಬಿರುಗೂದಲು ನಿಂತಿತ್ತು. ಮೈಯೆಲ್ಲ ಮುಳ್ಳಿರುವ ಹೆಜ್‌ಹಾಗ್ ಪ್ರಾಣಿಯ ಹೆಸರನ್ನು ಜೀನಿಗೆ ಇಟ್ಟರು. 1993ರಲ್ಲಿ ಕಶೇರುಕಗಳಲ್ಲಿ ಅದರ ಬಂಧುಗಳು ಸಿಕ್ಕಾಗ ಎರಡಕ್ಕೆ ನಿಜವಾದ ಹೆಜ್‌ಹಾಗ್ ಜಾತಿಗಳ ಹೆಸರು ಸಂದವು. ಮೂರನೆಯದಕ್ಕೆ ಸೆಗಾ ಕಂಪನಿಯ ವಿಡಿಯೊ ಗೇಮಿನ ನೀಲಿ ನಾಯಕ ಸೋನಿಕ್‌ನ ಹೆಸರು. ಮುಖದ, ಮಿದುಳಿನ ಗಂಭೀರ ವೈಕಲ್ಯಗಳಿಗೆ ಇದೇ ಜೀನ್ ಕಾರಣವೆಂದು ತಿಳಿದ ಮೇಲೆ ಆ ತಮಾಷೆಯನ್ನು ತಂದೆತಾಯಿಯರ ಮುಂದೆ ಉಚ್ಚರಿಸುವ ಮುಜುಗರ ವೈದ್ಯರ ಪಾಲಿಗೆ ಬಂತು.

ವಿಂಪಲ್ ಮತ್ತು ಫ್ಲೆಕ್ಸೊ

ಲೋಮಾಂಗವೂ ಹೆಜ್‌ಹಾಗೂ ಸಂಧಿಸಿದ್ದು ಯಾರೂ ಹುಡುಕದೆ. ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯಲ್ಲಿ ಕ್ಯಾಥರಿನ್ ಆಂಡರ್ಸನ್ ಇಲಿಗಳಿಗೆ ಉತ್ಪರಿವರ್ತಕ ರಾಸಾಯನಿಕ ಕೊಟ್ಟು, ಮುಂದಿನ ತಲೆಮಾರುಗಳಲ್ಲಿ ಆಕಾರ ಕೆಟ್ಟ ಭ್ರೂಣಗಳನ್ನು ಆರಿಸಿ, ಕೆಟ್ಟ ಜೀನ್ ಯಾವುದೆಂದು ಹಿಂದಿನಿಂದ ಪತ್ತೆಹಚ್ಚುತ್ತಿದ್ದರು. ಯಾವ ಜೀನ್ ಸಿಗಬೇಕೆಂಬ ಪೂರ್ವಗ್ರಹ ಈ ವಿಧಾನಕ್ಕಿಲ್ಲ. ಅದೇ ಅದರ ಬಲ. ವಿಂಪಲ್, ಫ್ಲೆಕ್ಸೊ ಎಂದು ಹೆಸರಿಟ್ಟ ಎರಡು ತಳಿಗಳ ಭ್ರೂಣಗಳಲ್ಲಿ ನರನಳಿಕೆಯ ಕೆಳಭಾಗದ ಕೋಶಗಳೇ ಕಾಣೆಯಾಗಿದ್ದವು, ಸೋನಿಕ್ ಹೆಜ್‌ಹಾಗ್ ಕೇಳಿಸದೆಹೋದರೆ ಆಗುವಂತೆ. ಜೀನ್‌ಗಳನ್ನು ಗುರುತಿಸಿದಾಗ ಎರಡೂ ಪಾಚಿಯ ಕಶಾಂಗದಲ್ಲಿ ಸರಕು ಸಾಗಿಸುವ ಪ್ರೊಟೀನ್‌ಗಳಿಗೆ ಸೇರಿದ್ದವು. ಫ್ಲೆಕ್ಸೊದಲ್ಲಿ ಕೆಟ್ಟದ್ದು ಓಕ್ ರಿಜ್ ಇಲಿಗಳಲ್ಲಿ ಕೆಟ್ಟಿದ್ದ ಅದೇ ಜೀನ್.

2003ರಲ್ಲಿ ಡಾನ್‌ವೇ ಹುವಾಂಗ್‌ಫು, ಆಂಡರ್ಸನ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಅವರ ವಾದಸರಣಿಯ ಒಂದು ಹೆಜ್ಜೆ ಇಲ್ಲಿ ಹೇಳತಕ್ಕದ್ದು. ಪ್ಯಾಚ್ಡ್ ಎಂಬ ಪ್ರೊಟೀನ್ ಹೆಜ್‌ಹಾಗ್ ಸಂಕೇತದ ಮಾರ್ಗಕ್ಕೆ ಹಾಕಿದ ಬೀಗ. ಪ್ಯಾಚ್ಡ್ ಇಲ್ಲದ ಇಲಿಯಲ್ಲಿ ಮಾರ್ಗ ಸದಾ ತೆರೆದು, ನರನಳಿಕೆಯ ಬಹುಭಾಗ ನೆಲದ ಕೋಶಗಳಂತೆ ಆಗಿಬಿಡುತ್ತದೆ. ಪ್ಯಾಚ್ಡ್ ಕೂಡ ಇಲ್ಲ, ಲೋಮಾಂಗವೂ ಇಲ್ಲ ಎಂಬ ಭ್ರೂಣವನ್ನು ಪಡೆದು ನೋಡಿದಾಗ ಅದು ಲೋಮಾಂಗ ಮಾತ್ರ ಇಲ್ಲದ ಭ್ರೂಣದಂತೆಯೇ ಇತ್ತು. ಎಂದರೆ ಬೀಗ ತೆಗೆದರೂ ಬಾಗಿಲು ತೆರೆಯಲಿಲ್ಲ. ಲೋಮಾಂಗದ ಕೆಲಸ ಬೀಗದಿಂದ ಮುಂದಿನದು.

ಆಮೇಲೆ ಸುದ್ದಿಗಳು ಬೇಗಬೇಗ ಬಂದವು. 2005ರಲ್ಲಿ ಕೆವಿನ್ ಕಾರ್ಬಿಟ್, ಜೆರೆಮಿ ರೈಟರ್ ಮತ್ತು ಸಂಗಡಿಗರು, ಸಂಕೇತ ಬಂದಾಗ ಅದನ್ನು ಮುಂದಕ್ಕೆ ಸಾಗಿಸುವ ಸ್ಮೂದನ್ಡ್ ಎಂಬ ಪ್ರೊಟೀನ್ ಲೋಮಾಂಗದೊಳಗೆ ಬಂದು ಸೇರುವುದನ್ನು ತೋರಿಸಿದರು. 2007ರಲ್ಲಿ ರಜತ್ ರೋಹಟ್ಗಿ, ಲಿಲಿಯಾನಾ ಮಿಲೆಂಕೊವಿಚ್ ಮತ್ತು ಮ್ಯಾಥ್ಯೂ ಸ್ಕಾಟ್, ಅದಕ್ಕೂ ಮೊದಲು ಪ್ಯಾಚ್ಡ್ ಅಲ್ಲಿ ಕುಳಿತಿರುವುದನ್ನೂ ಸೋನಿಕ್ ಹೆಜ್‌ಹಾಗ್ ಅಂಟಿಕೊಂಡೊಡನೆ ಅದು ಜಾಗ ಖಾಲಿಮಾಡುವುದನ್ನೂ ಕಂಡರು.

ಗ್ಲಿ ಪ್ರೊಟೀನಿನ ಎರಡು ಮುದ್ರೆಗಳು

ಲೋಮಾಂಗವನ್ನು ಜೀವಕೋಶದ ಆಂಟೆನಾ ಎಂದು ಬಣ್ಣಿಸುವುದು ಈಗ ರೂಢಿ. ಸುಲಭವಾಗಿ ಅರ್ಥವಾಗುವ ಹೋಲಿಕೆಯಾದರೂ ಈ ಲೇಖನದ ವಿಷಯದ ಮಟ್ಟಿಗೆ ದಾರಿ ತಪ್ಪಿಸುವಂಥದು. ಆಂಟೆನಾ ಮುರಿದರೆ ಸದ್ದು ನಿಲ್ಲುತ್ತದೆ, ಅಷ್ಟೆ. ಲೋಮಾಂಗ ಇಲ್ಲವಾದಾಗ ಆಗುವುದು ಅದಕ್ಕಿಂತ ವಿಚಿತ್ರ. ಹಳೆಯ ಕಾಲದ ಸುಂಕದಕಟ್ಟೆ ಇದಕ್ಕೆ ಹೆಚ್ಚು ಒಪ್ಪುವ ಹೋಲಿಕೆ: ಸರಕು ಊರೊಳಗೆ ಹೋಗುವ ಮುನ್ನ ಅಲ್ಲಿ ಹಾದು ಮುದ್ರೆ ಹಾಕಿಸಿಕೊಳ್ಳಬೇಕು.

ಇಲ್ಲಿ ಸರಕು ಗ್ಲಿ ಎಂಬ ಪ್ರೊಟೀನ್‌ಗಳು, ಮುಖ್ಯವಾಗಿ ಗ್ಲಿ-2 ಮತ್ತು ಗ್ಲಿ-3. ಇವು ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನು ತೆರೆಯುವ ಅಥವಾ ಮುಚ್ಚುವ ಅಧಿಕಾರ ಉಳ್ಳವು. ಸೋನಿಕ್ ಹೆಜ್‌ಹಾಗ್ ಇಲ್ಲದ ಹೊತ್ತಿನಲ್ಲಿ ಪ್ಯಾಚ್ಡ್ ಲೋಮಾಂಗದಲ್ಲಿದ್ದು ಸ್ಮೂದನ್ಡನ್ನು ಹದ್ದುಬಸ್ತಿನಲ್ಲಿಡುತ್ತದೆ. ಅದಕ್ಕೆ ಬೇಕಾದ ಕೊಲೆಸ್ಟರಾಲ್ ಸಿಗದಂತೆ ನೋಡಿಕೊಂಡು ಹೀಗೆ ಮಾಡುತ್ತದೆಂಬುದು ಇಂದು ಬಲವಾಗಿರುವ ಅಭಿಪ್ರಾಯ. ಲೋಮಾಂಗದಲ್ಲೇ ಇರುವ ಜಿಪಿಆರ್-161 ಎಂಬ ಗ್ರಾಹಕ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಮಟ್ಟವನ್ನು ಏರಿಸಿಡುತ್ತದೆ. ಅದರಿಂದ ಎಚ್ಚೆತ್ತ ಪಿಕೆಎ ಎಂಬ ಕಿಣ್ವ ಗ್ಲಿ-3ರ ಮೇಲೆ ರಂಜಕದ ಗುರುತು ಹಾಕುತ್ತದೆ. ಗುರುತು ಬಿದ್ದ ಗ್ಲಿ-3ರ ಒಂದು ಭಾಗ ಕತ್ತರಿಸಿಹೋಗಿ, ಉಳಿದದ್ದು ಜೀನ್‌ಗಳನ್ನು ಮುಚ್ಚುವ ನಿರೋಧಕವಾಗುತ್ತದೆ. ಸೋನಿಕ್ ಹೆಜ್‌ಹಾಗ್ ಬಂದರೆ ಪ್ಯಾಚ್ಡ್ ಹೊರನಡೆಯುತ್ತದೆ, ಸ್ಮೂದನ್ಡ್ ಒಳಬರುತ್ತದೆ, ಜಿಪಿಆರ್-161 ಕೂಡ ಜಾಗ ಬಿಡುತ್ತದೆ. ಗ್ಲಿ ಲೋಮಾಂಗದ ತುದಿಯವರೆಗೆ ಹೋಗಿ, ಕತ್ತರಿಸದೆ ಇಡಿಯಾಗಿ, ಜೀನ್‌ಗಳನ್ನು ತೆರೆಯುವ ಚಾಲಕವಾಗಿ ಮರಳುತ್ತದೆ. ಅನುಮತಿಯ ಮುದ್ರೆಯೂ ನಿಷೇಧದ ಮುದ್ರೆಯೂ ಒಂದೇ ಕಟ್ಟೆಯಲ್ಲಿ.

ಕಟ್ಟೆಯೇ ಇಲ್ಲವಾದರೆ? ಎರಡು ಮುದ್ರೆಗಳೂ ಬೀಳುವುದಿಲ್ಲ. ಆಗ ಯಾವ ಅಂಗಾಂಶ ಯಾವ ಮುದ್ರೆಯನ್ನು ಹೆಚ್ಚು ನಂಬಿಕೊಂಡಿತ್ತು ಎಂಬುದರ ಮೇಲೆ ಫಲ ನಿಲ್ಲುತ್ತದೆ. ನರನಳಿಕೆಯ ಕೆಳಭಾಗಕ್ಕೆ ಚಾಲಕ ಗ್ಲಿ ಬೇಕು. ಅದಿಲ್ಲದೆ ನೆಲದ ಕೋಶಗಳೂ ಹೆಚ್ಚಿನ ಚಾಲಕ ನರಕೋಶಗಳೂ ಹುಟ್ಟುವುದಿಲ್ಲ. ಕೈಕಾಲಿನ ಮೊಳಕೆಯಲ್ಲಿ ಬೆರಳುಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವುದು ನಿರೋಧಕ ಗ್ಲಿ-3. ಅದಿಲ್ಲದೆ ಬೆರಳುಗಳು ಹೆಚ್ಚುತ್ತವೆ. ಒಂದೇ ಭ್ರೂಣದಲ್ಲಿ ಬೆನ್ನುಹುರಿಗೆ ಸಂಕೇತ ಕೇಳಿಸಲಿಲ್ಲವೆಂಬಂತೆ, ಬೆರಳುಗಳಿಗೆ ಸಂಕೇತ ಅತಿಯಾಯಿತೆಂಬಂತೆ. ಆಂಟೆನಾದ ಹೋಲಿಕೆ ಸೋಲುವುದು ಇಲ್ಲಿ.

ಲೋಮಾಂಗ ಇದ್ದೂ ಕೆಟ್ಟಿದ್ದರೆ ಚಿತ್ರ ಮತ್ತೆ ಬೇರೆ. ಎಆರ್‌ಎಲ್-13ಬಿ ಎಂಬ ಪ್ರೊಟೀನ್ ಇಲ್ಲದ ಹೆನಿನ್ ಇಲಿಗಳಲ್ಲಿ ಲೋಮಾಂಗ ಗಿಡ್ಡಾಗಿ, ಒಳಗಿನ ನಳಿಕೆಗಳು ವಿಕಾರವಾಗಿರುತ್ತವೆ. ಅಲ್ಲಿ ಹೆಜ್‌ಹಾಗ್ ಮಾರ್ಗ ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ತೆರೆಯುವುದೂ ಇಲ್ಲ. ಚಾಲಕ ನರಕೋಶಗಳ ವಲಯ ಇರಬೇಕಾದ ಎಲ್ಲೆ ಮೀರಿ ಮೇಲಕ್ಕೂ ಕೆಳಕ್ಕೂ ಹರಡಿಕೊಳ್ಳುತ್ತದೆ.

ಈ ವ್ಯವಸ್ಥೆ ಎಲ್ಲ ಪ್ರಾಣಿಗಳಲ್ಲಿ ಹೀಗೇ ಇಲ್ಲ. ಹೆಜ್‌ಹಾಗ್ ಮೊದಲು ಸಿಕ್ಕ ಹಣ್ಣಿನ ನೊಣದ ಬಹುತೇಕ ಕೋಶಗಳಿಗೆ ಲೋಮಾಂಗವೇ ಇಲ್ಲ, ಆದರೂ ಅಲ್ಲಿ ಮಾರ್ಗ ಸಲೀಸಾಗಿ ನಡೆಯುತ್ತದೆ. ನೊಣದಲ್ಲೇ ಹುಡುಕುತ್ತ ಕುಳಿತಿದ್ದರೆ ಲೋಮಾಂಗದ ಪಾತ್ರ ಎಂದೂ ಹೊಳೆಯುತ್ತಿರಲಿಲ್ಲ. ವಿಂಟ್ ಸಂಕೇತದ ವಿಷಯದಲ್ಲಿ ಒಮ್ಮತವಿಲ್ಲ: ಲೋಮಾಂಗ ಅದನ್ನು ತಡೆಹಿಡಿಯುತ್ತದೆಂದು ಕೆಲವು ಪ್ರಯೋಗಗಳು ಹೇಳಿದರೆ, ಲೋಮಾಂಗವಿಲ್ಲದ ಇಲಿ ಭ್ರೂಣಗಳಲ್ಲಿ ವಿಂಟ್ ಏರುಪೇರಾಗದೆ ನಡೆಯಿತೆಂದು ಬೇರೆ ಪ್ರಯೋಗಗಳು ತೋರಿಸಿವೆ. ಹೆಜ್‌ಹಾಗ್‌ನಷ್ಟು ಗಟ್ಟಿಯಾದ ನಂಟು ಬೇರೆ ಯಾವ ಸಂಕೇತಕ್ಕೂ ಇನ್ನೂ ಸಿದ್ಧವಾಗಿಲ್ಲ.

ನಳಿಕೆ ಮುಚ್ಚಿಕೊಳ್ಳುವುದು

ನರಫಲಕದ ಅಂಚುಗಳು ಕೂಡಲು ಗೋಡೆಗಳು ಪಕ್ಕದಲ್ಲಿ ಒಳಕ್ಕೆ ಬಾಗಬೇಕು. ಸೋನಿಕ್ ಹೆಜ್‌ಹಾಗ್ ಈ ಬಾಗುವಿಕೆಯನ್ನು ತಡೆಯುತ್ತದೆ. ಆದ್ದರಿಂದ ಮಾರ್ಗಕ್ಕೆ ಕಡಿವಾಣವಾಗಿರುವ ಪ್ಯಾಚ್ಡ್, ಜಿಪಿಆರ್-161, ರ್ಯಾಬ್-23 ಮುಂತಾದವು ಕೆಟ್ಟ ಇಲಿಗಳಲ್ಲಿ ತಲೆಯ ಭಾಗ ಮುಚ್ಚದೆ ಮಿದುಳು ಹೊರಗೇ ಉಳಿಯುತ್ತದೆ. ಕೋಶಗಳು ಒಂದೇ ದಿಕ್ಕಿಗೆ ಸಾಲುಗೂಡಿ ಫಲಕವನ್ನು ಕಿರಿದಾಗಿಸಿ ಉದ್ದವಾಗಿಸುವ ಇನ್ನೊಂದು ವ್ಯವಸ್ಥೆಯೂ ಮುಚ್ಚುವಿಕೆಗೆ ಬೇಕು; ಅದಕ್ಕೆ ಸೇರಿದ ಕೆಲವು ಪ್ರೊಟೀನ್‌ಗಳು ಲೋಮಾಂಗದ ಕಟ್ಟೋಣಕ್ಕೂ ಬೇಕೆಂದು 2006ರಲ್ಲಿ ಕಪ್ಪೆಯ ಭ್ರೂಣಗಳಲ್ಲಿ ತಿಳಿಯಿತು. ಹಾಗೆಂದು ಮನುಷ್ಯರಲ್ಲಿ ಕಾಣುವ ನರನಳಿಕೆಯ ದೋಷಗಳೆಲ್ಲ ಲೋಮಾಂಗದವು ಎನ್ನಲಾಗದು. ಅವುಗಳಲ್ಲಿ ಬಹಳಷ್ಟನ್ನು ಗರ್ಭಧಾರಣೆಗೆ ಮೊದಲಿನಿಂದಲೇ ಫೋಲಿಕ್ ಆಮ್ಲ ಸೇವಿಸಿ ತಡೆಯಬಹುದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ದೋಷ ಮರುಕಳಿಸುವುದು 72% ಕಡಿಮೆಯಾಗಿತ್ತು.

ಒಕ್ಕಣ್ಣಿನ ಕುರಿಮರಿಗಳು

ಮಿದುಳಿನ ಮುಂಭಾಗಕ್ಕೆ ಸೋನಿಕ್ ಹೆಜ್‌ಹಾಗ್ ತಲುಪದಿದ್ದರೆ ಅದು ಎಡಬಲ ಎಂದು ಎರಡು ಹೋಳಾಗುವುದಿಲ್ಲ. ಕಣ್ಣಿನ ವಲಯವೂ ಇಬ್ಭಾಗವಾಗದೆ ಹಣೆಯ ನಡುವೆ ಒಂದೇ ಕಣ್ಣು ಉಳಿಯಬಹುದು. ಇದು ಪ್ರಯೋಗಾಲಯಕ್ಕಿಂತ ಮೊದಲು ಕಂಡದ್ದು ಹುಲ್ಲುಗಾವಲಿನಲ್ಲಿ. 1950ರ ದಶಕದಲ್ಲಿ ಅಮೆರಿಕದ ಐಡಹೊ ರಾಜ್ಯದ ಮಂದೆಗಳಲ್ಲಿ ಒಕ್ಕಣ್ಣಿನ ಮರಿಗಳು ಹುಟ್ಟತೊಡಗಿದವು. ಕುರಿಗಾರರು ಮೊದಲು ಶಂಕಿಸಿದ್ದು ತಳಿಯನ್ನು. ಕೃಷಿ ಇಲಾಖೆಯ ವಿಜ್ಞಾನಿಗಳು ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, ಗರ್ಭ ನಿಂತ 14ನೆಯ ದಿನದ ಆಸುಪಾಸಿನಲ್ಲಿ ಕುರಿ ವೆರಾಟ್ರಮ್ ಕ್ಯಾಲಿಫೋರ್ನಿಕಮ್ ಎಂಬ ಕಾಡುಗಿಡವನ್ನು ಮೇಯ್ದಿದ್ದರೆ ಹೀಗಾಗುತ್ತದೆಂದು ಗೊತ್ತಾಯಿತು. ಗಿಡದ ವಿಷಕ್ಕೆ ಗ್ರೀಕ್ ಪುರಾಣದ ಒಕ್ಕಣ್ಣಿನ ದೈತ್ಯರ ನೆನಪಿನಿಂದ ಸೈಕ್ಲೊಪಮೀನ್ ಎಂಬ ಹೆಸರು ಬಂತು. 1996ರಲ್ಲಿ ಸೋನಿಕ್ ಹೆಜ್‌ಹಾಗ್ ಇಲ್ಲದ ಇಲಿಮರಿಯೂ ಒಕ್ಕಣ್ಣಿನದಾಗಿ ಕಂಡಾಗ ಎರಡು ಎಳೆಗಳು ಕೂಡಿದವು. ವಿಷ ತಡೆಯುವುದು ಇದೇ ಸಂಕೇತವನ್ನು, ಅದು ಹೋಗಿ ಅಂಟುವುದು ಸ್ಮೂದನ್ಡ್‌ಗೆ ಎಂದು ಮುಂದಿನ ಕೆಲವು ವರ್ಷಗಳಲ್ಲಿ ಸ್ಪಷ್ಟವಾಯಿತು. ಸ್ಮೂದನ್ಡನ್ನೇ ಗುರಿಯಾಗಿಟ್ಟ ವಿಸ್ಮೊಡೆಗಿಬ್ ಎಂಬ ಔಷಧಕ್ಕೆ 2012ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರಿಗಾಗಿ ಒಪ್ಪಿಗೆ ಸಿಕ್ಕಿತು. ಗರ್ಭಿಣಿಯರು ಅದರ ಹತ್ತಿರ ಹೋಗಬಾರದೆಂಬ ಕಟ್ಟೆಚ್ಚರಿಕೆಗೆ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ಅನುಮಸ್ತಿಷ್ಕ, ರೋಗ, ಗೆಡ್ಡೆ

ನರನಳಿಕೆಯ ಹಂತ ಮುಗಿದ ಮೇಲೂ ಲೋಮಾಂಗದ ಕೆಲಸ ಮುಗಿಯುವುದಿಲ್ಲ. ಮಿದುಳಿನ ಹಿಂಭಾಗದ ಅನುಮಸ್ತಿಷ್ಕದಲ್ಲಿ ಪರ್ಕಿಂಜೆ ಕೋಶಗಳು ಸೋನಿಕ್ ಹೆಜ್‌ಹಾಗನ್ನು ಸ್ರವಿಸುತ್ತವೆ. ಅದನ್ನು ಕೇಳಿ ಕಣಕೋಶಗಳ ತಾಯಿಕೋಶಗಳು ಭರದಿಂದ ವಿಭಜನೆಗೊಂಡು ಅಂಗಕ್ಕೆ ಗಾತ್ರವನ್ನೂ ಮಡಿಕೆಗಳನ್ನೂ ತರುತ್ತವೆ. ಲೋಮಾಂಗ ತೆಗೆದ ಇಲಿಗಳಲ್ಲಿ ಅನುಮಸ್ತಿಷ್ಕ ಕುಗ್ಗಿ, ನಡಿಗೆ ತಪ್ಪುತ್ತದೆ.

ಈ ಭರ ಹತೋಟಿ ತಪ್ಪಿದರೆ ಮಕ್ಕಳಲ್ಲಿ ಮೆಡುಲೊಬ್ಲಾಸ್ಟೊಮಾ ಎಂಬ ಗೆಡ್ಡೆ ಬೆಳೆಯಬಹುದು. 2009ರಲ್ಲಿ ಇಲಿಗಳಲ್ಲಿ ನಡೆದ ಪ್ರಯೋಗ ಸುಂಕದಕಟ್ಟೆಯ ಸ್ವಭಾವವನ್ನು ಮತ್ತೊಮ್ಮೆ ಕಾಣಿಸಿತು. ಗೆಡ್ಡೆಗೆ ಕಾರಣ ಸ್ಮೂದನ್ಡ್ ಆಗಿದ್ದಲ್ಲಿ ಲೋಮಾಂಗ ತೆಗೆದಾಗ ಗೆಡ್ಡೆ ಹುಟ್ಟಲಿಲ್ಲ. ಕಾರಣ ಸದಾ ಎಚ್ಚರವಿರುವ ಗ್ಲಿ-2 ಆಗಿದ್ದಲ್ಲಿ ಲೋಮಾಂಗ ತೆಗೆದ ಮೇಲೆಯೇ ಗೆಡ್ಡೆ ಬೆಳೆಯಿತು.

ಲೋಮಾಂಗದ ದೋಷದಿಂದ ಬರುವ ಮನುಷ್ಯರ ಕಾಯಿಲೆಗಳನ್ನು ಒಟ್ಟಾಗಿ ಸಿಲಿಯೋಪಥಿ ಎನ್ನುತ್ತಾರೆ. ಕೆನಡಾದ ವೈದ್ಯೆ ಮರಿ ಜುಬೇರ್ 1969ರಲ್ಲಿ ಒಂದೇ ಮನೆಯ ನಾಲ್ವರು ಮಕ್ಕಳಲ್ಲಿ ವಿವರಿಸಿದ ಜುಬೇರ್ ಸಿಂಡ್ರೋಮ್ ಇವುಗಳಲ್ಲಿ ನರಮಂಡಲಕ್ಕೆ ಹತ್ತಿರದ್ದು. ಅನುಮಸ್ತಿಷ್ಕದ ನಡುಭಾಗ ಸರಿಯಾಗಿ ಬೆಳೆಯದೆ ಮಗುವಿನ ಉಸಿರಾಟ ಒಮ್ಮೊಮ್ಮೆ ಏದುಸಿರಾಗಿ ಒಮ್ಮೊಮ್ಮೆ ನಿಂತೇ ಹೋಗುತ್ತದೆ, ಕಣ್ಣಿನ ಚಲನೆ ಹೊಂದುವುದಿಲ್ಲ, ನಡಿಗೆ ತಡವಾಗುತ್ತದೆ. ಎಂಆರ್‌ಐ ಚಿತ್ರದಲ್ಲಿ ಮಿದುಳಕಾಂಡದ ಒಂದು ಅಡ್ಡಪದರ ದವಡೆಹಲ್ಲಿನಂತೆ ಕಾಣುವುದು ಇದರ ಗುರುತು. ಕಾರಣವಾಗುವ ಜೀನ್‌ಗಳು 30ಕ್ಕೂ ಹೆಚ್ಚು. ಎಲ್ಲದರ ವಿಳಾಸವೂ ಲೋಮಾಂಗ ಅಥವಾ ಅದರ ಬುಡ. ಹೆನಿನ್ ಇಲಿಯ ಜೀನೂ ಅವುಗಳಲ್ಲೊಂದು. ಇನ್ನೂ ಕಠೋರವಾದದ್ದು ಮೆಕೆಲ್ ಸಿಂಡ್ರೋಮ್: ತಲೆಯ ಹಿಂಬದಿಯ ಬಿರುಕಿನಿಂದ ಮಿದುಳು ಹೊರಚಾಚಿ, ಮೂತ್ರಪಿಂಡದಲ್ಲಿ ಗುಳ್ಳೆಗಳು ತುಂಬಿ, ಬೆರಳುಗಳು ಹೆಚ್ಚಾಗಿರುವ ಇಂಥ ಶಿಶು ಬದುಕುವುದಿಲ್ಲ. 1822ರಲ್ಲಿ ಯೋಹಾನ್ ಫ್ರೀಡ್ರಿಕ್ ಮೆಕೆಲ್ ಇದನ್ನು ದಾಖಲಿಸಿದಾಗ ಮಿದುಳು, ಮೂತ್ರಪಿಂಡ, ಬೆರಳು ಈ ಮೂರನ್ನು ಒಂದೇ ದಾರದಲ್ಲಿ ಪೋಣಿಸುವುದು ಯಾವುದೆಂದು ಹೇಳುವ ದಾರಿಯೇ ಇರಲಿಲ್ಲ. ಇವುಗಳಲ್ಲಿ ಹೆಚ್ಚಿನವು ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಾಗ ಮಾತ್ರ ತಲೆದೋರುವ ಕಾಯಿಲೆಗಳು. ಆದ್ದರಿಂದ ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ರೂಢಿಯಲ್ಲಿರುವ ಸೋದರಮಾವ, ಅತ್ತೆಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿ ಇವುಗಳ ಸಂಭವ ಹೆಚ್ಚು.

ಚಲಿಸುವ ಲೋಮಾಂಗಗಳು, ಹೊಸ ನರಕೋಶಗಳು

ಮಿದುಳಿನ ಒಳಗಣ ಕುಹರಗಳ ಗೋಡೆಗೆ ಚಲಿಸುವ ಲೋಮಾಂಗಗಳು ಬರುವುದು ತಡವಾಗಿ. ಒಂಟಿ ಲೋಮಾಂಗವಿದ್ದ ತಾಯಿಕೋಶಗಳಲ್ಲಿ ಕೆಲವು ಗೊಂಚಲು ಲೋಮಾಂಗಗಳ ಕೋಶಗಳಾಗಿ ಮಾರ್ಪಟ್ಟು, ಮಿದುಳು-ಬೆನ್ನುಹುರಿಯ ದ್ರವವನ್ನು ಒಂದು ದಿಕ್ಕಿಗೆ ತಳ್ಳತೊಡಗುತ್ತವೆ. ಇವು ಬಡಿಯದ ಇಲಿಗಳಲ್ಲಿ ದ್ರವ ಕಟ್ಟಿ ತಲೆ ಊದುತ್ತದೆ. ದ್ರವದ ದಾರಿ ಅಗಲವಾಗಿರುವ ಮನುಷ್ಯರಲ್ಲಿ ಇದು ಅಪರೂಪ. 2006ರಲ್ಲಿ ಜಪಾನಿನ ಕಜುನೊಬು ಸವಮೊತೊ ಮತ್ತು ಸಂಗಡಿಗರು, ಪ್ರೌಢ ಇಲಿಯ ಮಿದುಳಿನಲ್ಲಿ ಹುಟ್ಟಿದ ಎಳೆಯ ನರಕೋಶಗಳು ಈ ಹರಿವಿನ ದಿಕ್ಕನ್ನೇ ಅನುಸರಿಸಿ ವಲಸೆ ಹೋಗುತ್ತವೆಂದು ತೋರಿಸಿದರು.

ನರನಳಿಕೆಯ ತಾಯಿಕೋಶಗಳ ಒಂಟಿ ಲೋಮಾಂಗಗಳು ಚಾಚಿರುವುದು ನಳಿಕೆಯ ಒಳಗಿನ ಪೊಳ್ಳಿಗೆ. ಕೋಶ ಇಬ್ಭಾಗವಾದಾಗ ಹಿರಿಯ ಸೆಂಟ್ರಿಯೋಲು ಯಾವ ಮಗಳಿಗೆ ಸಿಕ್ಕಿತು ಎಂಬುದು ಮುಖ್ಯ. ಅದಕ್ಕೆ ಅಂಟಿಕೊಂಡ ಹಳೆಯ ಲೋಮಾಂಗಪೊರೆಯ ಚೂರೂ ಜೊತೆಯಲ್ಲಿ ಬಂದು, ಆ ಮಗಳು ಬೇಗನೆ ಲೋಮಾಂಗ ಬೆಳೆಸಿಕೊಂಡು ತಾಯಿಕೋಶವಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು. ಇನ್ನೊಬ್ಬಳು ನರಕೋಶವಾಗುವ ಹಾದಿ ಹಿಡಿಯುತ್ತಾಳೆ. ಹಾಗೆ ಹೊರಟ ಎಳೆಯ ಕೋಶ ಒಳಪೊಳ್ಳಿನ ಕಡೆಯ ತನ್ನ ತುದಿಯನ್ನು ಲೋಮಾಂಗದ ಸಮೇತ ತುಂಡರಿಸಿ ಬಿಟ್ಟುಹೋಗುವುದನ್ನು ರಮಣ್ ದಾಸ್ ಮತ್ತು ಕೇಟ್ ಸ್ಟೋರಿ 2014ರಲ್ಲಿ ಕೋಳಿಯ ಭ್ರೂಣದಲ್ಲಿ ಸಜೀವವಾಗಿ ಕಂಡರು. ಸೆಂಟ್ರಿಯೋಲ್ ಮಾತ್ರ ಅದರೊಡನೆ ಹೋಗುತ್ತದೆ. ಲೋಮಾಂಗ ಬಿದ್ದೊಡನೆ ಆ ಕೋಶದಲ್ಲಿ ಹೆಜ್‌ಹಾಗ್‌ನ ಮಾತು ತಗ್ಗುತ್ತದೆ.

ನೆಲೆಗೆ ಬಂದ ನರಕೋಶ ಮತ್ತೆ ಒಂದು ಲೋಮಾಂಗವನ್ನು ಬೆಳೆಸಿಕೊಳ್ಳುತ್ತದೆ. ಪ್ರೌಢ ಮಿದುಳಿನಲ್ಲಿ ಅದರ ಮೇಲೆ ಸೊಮಟೊಸ್ಟಾಟಿನ್, ಸಿರೊಟೋನಿನ್ ಮೊದಲಾದವುಗಳ ಗ್ರಾಹಕಗಳಿರುತ್ತವೆ. 2022ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದ ತಂಡವೊಂದು ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಸಿರೊಟೋನಿನ್ ಒಯ್ಯುವ ನರತಂತುಗಳು ನೇರವಾಗಿ ಲೋಮಾಂಗದ ಮೇಲೆಯೇ ಸಂಧಿ ಕಟ್ಟಿರುವುದನ್ನೂ, ಅಲ್ಲಿ ಬಂದ ಸಂಕೇತ ಕೋಶಕೇಂದ್ರದ ವರ್ಣತಂತುಗಳವರೆಗೆ ತಲುಪುವುದನ್ನೂ ವರದಿಮಾಡಿತು.